ಕೊನೆಯ ಓಟ ಯಾರ ಅಂಗಳದಲ್ಲಿ?

ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಿಂದ ಪೂರ್ವಕ್ಕೆ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಇಂಗಲ್‌ವುಡ್ ಸಿಗುತ್ತದೆ. ಅಲ್ಲೀಗ ಬೆಳಕು ತೂರಿ ಬರುವ ಭಾರೀ ಚಾವಣಿಯ ಸೋಫೈ ಕ್ರೀಡಾಂಗಣ, ಅದರ ಪಕ್ಕಕ್ಕೊಂದು ಕಟ್ಟಿದ ಕೆರೆ, ಸುತ್ತ ಹೊಸ ವಸತಿ ಕಟ್ಟಡಗಳು. ಬಡಾವಣೆಗೆ ಇಂದಿಗೂ ಹಾಲಿವುಡ್ ಪಾರ್ಕ್ ಎಂದೇ ಹೆಸರು, ಆದರೆ ಅದು ಒಂದು ಕಾಲಕ್ಕೆ ರೇಸ್‌ಕೋರ್ಸಿನ ಹೆಸರಾಗಿತ್ತೆಂಬುದು ಅಲ್ಲಿ ಓಡಾಡುವ ಹುಡುಗರಿಗೆ ತಿಳಿದಂತಿಲ್ಲ. 1938ರಲ್ಲಿ ತೆರೆದ ಆ ರೇಸ್‌ಕೋರ್ಸು 2013ರ ಡಿಸೆಂಬರಿನಲ್ಲಿ ಮುಚ್ಚಿತು. ಅದಕ್ಕೆ ಸುಮಾರು ಮೂವತ್ತು ವರ್ಷ ಮೊದಲು, 1984ರ ನವೆಂಬರ್ 10ರಂದು, ಅಮೆರಿಕದ ಮೊಟ್ಟಮೊದಲ ಬ್ರೀಡರ್ಸ್ ಕಪ್ ನಡೆದದ್ದು ಇದೇ ನೆಲದ ಮೇಲೆ.

ವರ್ಷವಿಡೀ ಅಲ್ಲಲ್ಲಿ ಗೆದ್ದು ಬಂದ ಕುದುರೆಗಳನ್ನು ಋತುವಿನ ಕೊನೆಗೆ ಒಂದೇ ಕಡೆ ಸೇರಿಸಿ, ನಿಜವಾದ ಚಾಂಪಿಯನ್ ಯಾರೆಂದು ಮೈದಾನದಲ್ಲೇ ತೀರ್ಮಾನಿಸಬೇಕು ಎಂಬುದು ಕೆಂಟಕಿಯ ತಳಿಗಾರ ಜಾನ್ ಗೇನ್ಸ್ ಅವರ ಕನಸಾಗಿತ್ತು. ಅಂದು ಏಳು ಓಟಗಳು ನಡೆದವು. ಕೊನೆಯದಾದ ಕ್ಲಾಸಿಕ್‌ನಲ್ಲಿ ಗೆದ್ದದ್ದು ವೈಲ್ಡ್ ಅಗೇನ್. ಮೊದಲೇ ನೋಂದಾಯಿಸಿರದ ಕಾರಣ ಅದರ ಒಡೆಯರು 3,60,000 ಡಾಲರ್ ಹೆಚ್ಚುವರಿ ಶುಲ್ಕ ಕಟ್ಟಿ ಅದನ್ನು ಓಡಿಸಿದ್ದರು. ಕೊನೆಯ ನೇರದಲ್ಲಿ ಮೂರು ಕುದುರೆಗಳು ಮೈಗೆ ಮೈ ತಾಗಿಸಿಕೊಂಡೇ ಗುರಿ ಮುಟ್ಟಿ, ವಿಚಾರಣೆಯಾಗಿ, ಎರಡನೆಯದಾಗಿ ಬಂದಿದ್ದ ಗೇಟ್ ಡಾನ್ಸರ್ ಮೂರನೇ ಸ್ಥಾನಕ್ಕೆ ಇಳಿಯಿತು. ಆ ನೇರ ಎಲ್ಲಿತ್ತೆಂದು ಅಂದಾಜು ಮಾಡುತ್ತಾ ನಾನು ಕೆರೆಯ ದಂಡೆಯಲ್ಲಿ ನಡೆದಾಡಿದೆ. ಗುರುತಿಗೆ ಏನೂ ಉಳಿದಿಲ್ಲ.

ಬ್ರೀಡರ್ಸ್ ಕಪ್‌ಗೆ ಸ್ವಂತ ಮನೆಯಿಲ್ಲ. ನ್ಯೂಯಾರ್ಕ್, ಫ್ಲಾರಿಡಾ, ಷಿಕಾಗೊ, ಟೆಕ್ಸಸ್, 1996ರಲ್ಲಿ ಒಮ್ಮೆ ಕೆನಡಾ ಎಂದು ಊರೂರು ಸುತ್ತಿದೆ. ಹೀಗಾಗಿ ಎಲ್ಲಿ ನಡೆದರೆ ಚೆನ್ನ ಎಂಬ ವಾದ ಪ್ರತಿ ಶರತ್ಕಾಲಕ್ಕೂ ಹೊಸದಾಗಿ ಚಿಗುರುತ್ತದೆ. ನಮ್ಮಲ್ಲೂ ಇಂಥದ್ದೊಂದಿದೆ. 1963ರಿಂದ ನಡೆದು ಬಂದಿರುವ ಇನ್ವಿಟೇಷನ್ ಕಪ್ ಮುಂಬೈ, ಬೆಂಗಳೂರು, ಕೋಲ್ಕತ್ತಾ, ಚೆನ್ನೈ, ಹೈದರಾಬಾದುಗಳ ನಡುವೆ ಸರದಿಯ ಮೇಲೆ ಹೋಗುತ್ತದೆ, ಸರದಿ ಯಾರದೆಂಬ ಮಾತು ಬಂದಾಗಲೆಲ್ಲ ಆಯಾ ಊರಿನವರು ತಮ್ಮ ಟ್ರ್ಯಾಕೇ ನ್ಯಾಯವಾದದ್ದೆಂದು ಪಟ್ಟು ಹಿಡಿಯುತ್ತಾರೆ. ನಾನು ಬೆಳೆದ ಬೆಂಗಳೂರಿನ ಮನೆಯಲ್ಲಿ ರೇಸಿಗೆ ಹೋಗುವವರ ಬಗ್ಗೆ ಒಳ್ಳೆಯ ಮಾತು ಕೇಳಿಬರುತ್ತಿರಲಿಲ್ಲ. ಸಂಬಳ ಕಳೆದುಕೊಂಡು ಬರಿಗೈಲಿ ಮನೆಗೆ ಬಂದವರ ಆ ಕಥೆಗಳು ಸುಳ್ಳಾಗಿರಲಿಲ್ಲ. ಆದರೂ ಹೈಗ್ರೌಂಡ್ಸ್‌ನ ಬೇಲಿಯಾಚೆ ಬೆಳಗಿನ ಮಂಜಿನಲ್ಲಿ ಸೈಸ್‌ಗಳು ನಡೆಸಿಕೊಂಡು ಹೋಗುತ್ತಿದ್ದ ಕುದುರೆಗಳನ್ನು ಕಂಡ ಮೇಲೆ, ದುಡ್ಡಿನ ಲೆಕ್ಕದಾಚೆಗೂ ಇಲ್ಲಿ ಏನೋ ಇದೆ ಎಂಬುದು ಮನಸ್ಸಿನಲ್ಲಿ ಊರಿತು. ಬ್ರೀಡರ್ಸ್ ಕಪ್‌ನ ಹಿಂದೆ ನಾನು ಊರೂರು ತಿರುಗಿದ್ದು ಆ ಸೆಳೆತಕ್ಕೇ.

ಲಾಸ್ ಏಂಜಲೀಸ್ ಬಳಿಯ ಆರ್ಕೇಡಿಯಾದ ಸ್ಯಾಂಟಾ ಅನಿಟಾ ರೇಸ್‌ಕೋರ್ಸಿನಲ್ಲಿ ಕ್ಲಾಕರ್ಸ್ ಕಾರ್ನರ್ ಎಂಬ ಜಾಗವಿದೆ. ಕೊನೆಯ ನೇರ ಶುರುವಾಗುವಲ್ಲಿ ಒಂದು ಪುಟ್ಟ ಉಪಾಹಾರ ಕಟ್ಟೆ. ಬೆಳಗಿನ ತಾಲೀಮು ನೋಡಲು ಅಲ್ಲಿಗೆ ಯಾರು ಬೇಕಾದರೂ ಬರಬಹುದು. 2023ರ ನವೆಂಬರಿನ ಮೊದಲ ವಾರ ಅಲ್ಲಿ ಕುಳಿತಿದ್ದಾಗ ಎದುರಿಗೆ ಸ್ಯಾನ್ ಗೇಬ್ರಿಯಲ್ ಬೆಟ್ಟಸಾಲು ಮೊದಲು ನೀಲಿಯಾಗಿ, ಆಮೇಲೆ ನಸುಗೆಂಪಾಗಿ, ಕೊನೆಗೆ ತನ್ನ ಒಣ ಕಂದು ಬಣ್ಣಕ್ಕೆ ತಿರುಗಿತು. ಕುದುರೆಗಳು ಸಮೀಪಿಸಿದಂತೆ ಮೊದಲು ಕೇಳುವುದು ಉಸಿರು. ಗೊರಸಿನ ಸದ್ದು ಆಮೇಲೆ. ನನ್ನ ಮೇಜಿನಲ್ಲಿ ಪ್ಯಾಸಡೀನಾದ ಒಬ್ಬ ನಿವೃತ್ತ ಶಾಲಾ ಶಿಕ್ಷಕಿ, ಕೆಂಟಕಿಯ ಲೂಯಿವಿಲ್‌ನಿಂದ ಬಂದ ಎತ್ತರದ ಮನುಷ್ಯ, ಐರ್ಲೆಂಡಿನಿಂದ ಗೆಳೆಯರ ಜೊತೆ ಬಂದಿದ್ದ ಒಬ್ಬ ರೈತ ಇದ್ದರು. ಮೂವರೂ ಪರಸ್ಪರ ಅಪರಿಚಿತರು. ಕಾಫಿ ಮುಗಿಯುವುದರೊಳಗೆ ಜಗಳಕ್ಕೆ ಬಿದ್ದಿದ್ದರು.

“ಪ್ರತಿ ವರ್ಷ ಇಲ್ಲೇ ಮಾಡಬೇಕು,” ಎಂದರು ಶಿಕ್ಷಕಿ. ನವೆಂಬರಿನಲ್ಲಿ ಇಷ್ಟು ಒಣ ಹವೆ, ಇಷ್ಟು ಬೆಳಕು ಬೇರೆಲ್ಲಿ ಸಿಗುತ್ತದೆ ಎಂಬುದು ಅವರ ವಾದ. ಆ ವರ್ಷದ್ದೂ ಸೇರಿ ಸ್ಯಾಂಟಾ ಅನಿಟಾಗೆ ಆತಿಥ್ಯ ಸಿಕ್ಕಿದ್ದು ಹನ್ನೊಂದು ಬಾರಿ. ಬೇರೆ ಯಾವ ರೇಸ್‌ಕೋರ್ಸಿಗೂ ಅಷ್ಟು ಸಲ ಸಿಕ್ಕಿಲ್ಲ. ಲೂಯಿವಿಲ್‌ನವರು ಒಪ್ಪಲಿಲ್ಲ. ಅವರು ಜೇಬಿನಿಂದ ಪೆನ್ನು ತೆಗೆದು ಕಾಗದದ ಕರವಸ್ತ್ರದ ಮೇಲೆ ಎರಡು ಗೆರೆ ಎಳೆದರು, ಒಂದು ಗಿಡ್ಡ, ಒಂದು ಉದ್ದ. “ನಿಮ್ಮ ಕೊನೆಯ ನೇರ ಇಷ್ಟೇ. ನಮ್ಮ ಚರ್ಚಿಲ್ ಡೌನ್ಸ್‌ನದು ಇಷ್ಟು.” ಅವರ ಮಾತು ನಿಜ. ಸ್ಯಾಂಟಾ ಅನಿಟಾದ ಕೊನೆಯ ನೇರ ಸುಮಾರು 274 ಮೀಟರ್, ಚರ್ಚಿಲ್ ಡೌನ್ಸ್‌ನದು 376. ತಿರುವು ದಾಟಿದ ಮೇಲೆ ನೂರು ಮೀಟರ್ ಹೆಚ್ಚು ಸಿಕ್ಕರೆ ಹಿಂದಿನಿಂದ ಬರುವ ಕುದುರೆಗೆ ಉಸಿರು ಕೂಡಿಸಿಕೊಳ್ಳಲು ಸಮಯವಿರುತ್ತದೆ, ಎದುರು ಗುಂಪುಗಟ್ಟಿದ್ದರೆ ಹೊರಗಿನಿಂದ ದಾರಿ ಮಾಡಿಕೊಳ್ಳಲು ಎಡೆ ಇರುತ್ತದೆ. ನೇರ ಗಿಡ್ಡವಾದರೆ ಮುಂದಿದ್ದವನು ಮುಂದೆಯೇ. ಜಾಕಿಯ ಬುದ್ಧಿ ಅಲ್ಲಿ ಮುಖ್ಯವಾಗುತ್ತದೆ. ಅದೇ ಶನಿವಾರ ಹುಲ್ಲಿನ ಮೇಲಿನ ಟರ್ಫ್ ಓಟದಲ್ಲಿ ರಯಾನ್ ಮೂರ್ ಆಗಸ್ಟ್ ರೊಡ್ಯಾನನ್ನು ಹೊರಗೆ ತರಲಿಲ್ಲ, ಒಳಬೇಲಿಗೆ ಮೈ ಸವರುವಂತೆ ನುಗ್ಗಿಸಿ ಗೆಲ್ಲಿಸಿದರು. ಐರ್ಲೆಂಡಿನ ರೈತ ಟೋಪಿ ಎಸೆದು ಕುಣಿದದ್ದನ್ನು ದೂರದಿಂದಲೇ ನೋಡಿದೆ.

ನೇರದ ಉದ್ದಕ್ಕಿಂತ ದೊಡ್ಡದು ನೆಲದ ಪ್ರಶ್ನೆ. ಅಮೆರಿಕದವರು ಮುಖ್ಯ ಓಟಗಳನ್ನು ಓಡಿಸುವುದು ಮರಳು, ಜೇಡಿ ಬೆರೆತ ಮಣ್ಣಿನ ಮೇಲೆ. ಯೂರೋಪಿನ ಕುದುರೆಗಳು ಬೆಳೆಯುವುದು ಹುಲ್ಲಿನಲ್ಲಿ. ಮಣ್ಣಿನ ಮೇಲೆ ಗೊರಸು ಜಾರಿ ಹಿಡಿಯುತ್ತದೆ, ಹಿಂದಿನ ಕುದುರೆಯ ಮುಖಕ್ಕೆ ಹೆಂಟೆ ಸಿಡಿಯುತ್ತದೆ, ಗೇಟು ತೆರೆದ ಕೂಡಲೇ ಪೂರ್ಣ ವೇಗ ಬೇಕು. ಹುಲ್ಲಿನಲ್ಲಿ ತಾಳ್ಮೆಯಿಂದ ಸಾಗಿ ಕೊನೆಗೆ ಕಾಲು ಬಿಚ್ಚುವುದು ರೂಢಿ. 2008ರ ಹೊತ್ತಿಗೆ ಸ್ಯಾಂಟಾ ಅನಿಟಾದಲ್ಲಿ ಮಣ್ಣು ತೆಗೆದು ನಾರು ಬೆರೆಸಿದ ಕೃತಕ ನೆಲ ಹಾಸಿದ್ದರು. ಆ ವರ್ಷ ಕ್ಲಾಸಿಕ್‌ನಲ್ಲಿ ಮೊದಲೆರಡು ಸ್ಥಾನ ಹುಲ್ಲಿನಿಂದ ಬಂದ ರೇವನ್ಸ್ ಪಾಸ್ ಮತ್ತು ಹೆನ್ರಿದನ್ಯಾವಿಗೇಟರ್‌ಗಳಿಗೆ ಹೋಯಿತು. ಮಣ್ಣಿನ ರಾಜನೆನಿಸಿದ್ದ ಕರ್ಲಿನ್ ನಾಲ್ಕನೆಯದಾಗಿ ಬಂತು. ಅಂದರೆ ಊರನ್ನು ಆರಿಸುವವರು ಅರಿವಿಲ್ಲದೆಯೇ ಚಾಂಪಿಯನ್ನನ್ನೂ ಆರಿಸುತ್ತಾರೆ. ಈ ಮಾತನ್ನು ನಾನಂದಾಗ ಶಿಕ್ಷಕಿ ತಲೆಯಾಡಿಸಿ, ಮರುವರ್ಷ ಅದೇ ಕೃತಕ ನೆಲದ ಮೇಲೆ ಝೆನ್ಯಾಟಾ ಎಲ್ಲ ಗಂಡುಗಳನ್ನೂ ಹಿಂದಿಕ್ಕಿದ್ದನ್ನು ನೆನಪಿಸಿದರು. ಕ್ಲಾಸಿಕ್ ಗೆದ್ದ ಮೊದಲ ಹೆಣ್ಣು ಕುದುರೆ ಅದು. ಹೇಳುವಾಗ ಆಕೆಯ ಕಣ್ಣು ತುಂಬಿತ್ತು.

ಇಲ್ಲಿಯವರೆಗೆ ಮಾತು ಹಬ್ಬದ ಮಾತೇ. ಆದರೆ ಸ್ಯಾಂಟಾ ಅನಿಟಾದಲ್ಲಿ ಕುಳಿತು 2019ನ್ನು ಮರೆಯಲಾಗುವುದಿಲ್ಲ. ಆ ವರ್ಷದ ಚಳಿಗಾಲ, ವಸಂತದಲ್ಲಿ ಅಲ್ಲಿ ಸುಮಾರು 30 ಕುದುರೆಗಳು ಸತ್ತವು. ಒಣ ಹವೆಗೆ ಹೆಸರಾದ ನಾಡಿನಲ್ಲಿ ಆ ಸಲ ಎಡೆಬಿಡದೆ ಮಳೆ ಸುರಿದಿತ್ತು, ನೀರು ಇಳಿಯದಂತೆ ಮಣ್ಣನ್ನು ಮತ್ತೆ ಮತ್ತೆ ಒತ್ತಿ ಗಟ್ಟಿ ಮಾಡಿದ್ದರು. ಕೆಲದಿನ ಓಟಗಳನ್ನೇ ನಿಲ್ಲಿಸಬೇಕಾಯಿತು. ಅದೇ ನವೆಂಬರಿನ ಕ್ಲಾಸಿಕ್‌ನಲ್ಲಿ, ದೇಶವೆಲ್ಲ ಟಿವಿಯಲ್ಲಿ ನೋಡುತ್ತಿದ್ದಾಗ, ಮಂಗೋಲಿಯನ್ ಗ್ರೂಮ್ ಎಂಬ ಕುದುರೆಯ ಹಿಂಗಾಲು ಮುರಿಯಿತು. ಅದಕ್ಕೂ ಹಿಂದೆ, 2007ರಲ್ಲಿ ನ್ಯೂಜೆರ್ಸಿಯ ಮಾನ್‌ಮತ್ ಪಾರ್ಕಿನ ಕೆಸರಿನಲ್ಲಿ, ಹುಲ್ಲಿನ ವೀರ ಜಾರ್ಜ್ ವಾಷಿಂಗ್ಟನ್ ಎಂಬ ಕುದುರೆ ಹೀಗೇ ಕುಸಿದಿತ್ತು. 1990ರಲ್ಲಿ ನ್ಯೂಯಾರ್ಕಿನ ಬೆಲ್ಮಾಂಟ್‌ನಲ್ಲಿ ಗೋ ಫಾರ್ ವಾಂಡ್. ನಾವು ಅಲ್ಲಿ ಕುಳಿತಿದ್ದ 2023ರ ಆ ವಾರದಲ್ಲೇ ಕೂಟಕ್ಕೆ ಬಂದಿದ್ದ ಎರಡು ಕುದುರೆಗಳು ತಾಲೀಮಿನ ಹೊತ್ತಿನಲ್ಲಿ ಅವಘಡಕ್ಕೀಡಾಗಿ ಇಲ್ಲವಾದವು. ನಮ್ಮ ಮೇಜಿನಲ್ಲಿ ಆ ಸುದ್ದಿ ಬಂದಾಗ ವಾದ ನಿಂತಿತು. ಲೂಯಿವಿಲ್‌ನ ಮನುಷ್ಯ ಕರವಸ್ತ್ರ ಮಡಿಚಿ ಜೇಬಿಗಿಟ್ಟುಕೊಂಡರು.

ರೇಸನ್ನು ಪ್ರೀತಿಸುವವರು ಈ ಹೆಸರುಗಳನ್ನು ಬಾಯಿ ಬಿಟ್ಟು ಹೇಳಬೇಕೆಂದು ನಾನು ನಂಬಿದ್ದೇನೆ. ಯಾವ ಅಂಗಳ ಒಳ್ಳೆಯದೆಂದು ಕೇಳುವಾಗ ಆಸನ ಎಷ್ಟು, ಹೋಟೆಲು ಎಷ್ಟು, ಬಿಸಿಲು ಎಷ್ಟು ಎಂಬ ಲೆಕ್ಕಕ್ಕೆ ಮೊದಲು ಐದುನೂರು ಕಿಲೊ ತೂಕದ ಜೀವ ತನ್ನ ಒಂದೊಂದು ಕಾಲಿನ ಮೇಲೂ ಸರದಿಯಂತೆ ನಿಲ್ಲುವ ಆ ಕ್ಷಣದಲ್ಲಿ ನೆಲ ಅದನ್ನು ಹೇಗೆ ತಾಳಿಕೊಳ್ಳುತ್ತದೆ ಎಂದು ಕೇಳಬೇಕು. ಕೃತಕ ನೆಲದಲ್ಲಿ ಸಾವು ಕಡಿಮೆ ಎಂದು ಅಮೆರಿಕದ ಗಾಯಗಳ ದಾಖಲೆಗಳೇ ವರ್ಷಗಳಿಂದ ಹೇಳುತ್ತಿವೆ. ಆದರೂ ಸ್ಯಾಂಟಾ ಅನಿಟಾ 2010ರಲ್ಲಿ, ಕೆಂಟಕಿಯ ಕೀನ್‌ಲ್ಯಾಂಡ್ 2014ರಲ್ಲಿ, ಕ್ಯಾಲಿಫೋರ್ನಿಯಾದ್ದೇ ಆದ ಡೆಲ್ ಮಾರ್ 2015ರಲ್ಲಿ ಮಣ್ಣಿಗೇ ಮರಳಿದವು. ಇದು ನನಗೆ ಇಂದಿಗೂ ನೋವಿನ ಸಂಗತಿ. 2020ರ ಕಾನೂನಿನ ಬಲದಿಂದ ಈಗ ದೇಶದ ಬಹುತೇಕ ಕಡೆಗಳಿಗೆ ಒಂದೇ ಸುರಕ್ಷಾ ನಿಯಮ ಬಂದಿದೆ, ಓಟಕ್ಕೆ ಮೊದಲು ಪಶುವೈದ್ಯರು ಕುದುರೆಗಳನ್ನು ಹಿಂದಿಗಿಂತ ಬಿಗಿಯಾಗಿ ಪರೀಕ್ಷಿಸುತ್ತಾರೆ. ಅಷ್ಟರಮಟ್ಟಿಗೆ ಸಮಾಧಾನ.

ಸ್ಯಾಂಟಾ ಅನಿಟಾದ ನೆಲಕ್ಕೆ ಇನ್ನೊಂದು ನೆನಪೂ ಇದೆ. 1942ರಲ್ಲಿ ಅಮೆರಿಕ ಸರ್ಕಾರ ಪಶ್ಚಿಮ ಕರಾವಳಿಯ ಜಪಾನಿ ಮೂಲದ ಜನರನ್ನು ಮನೆಯಿಂದ ಎಬ್ಬಿಸಿ ತಂದು ಕೂಡಿಹಾಕಿದ ಜಾಗಗಳಲ್ಲಿ ಇದು ದೊಡ್ಡದು. 18 ಸಾವಿರಕ್ಕೂ ಹೆಚ್ಚು ಜನ ಇಲ್ಲಿದ್ದರು. ಎಷ್ಟೋ ಸಂಸಾರಗಳಿಗೆ ಕುದುರೆ ಲಾಯವೇ ಮನೆ. ನಟ ಜಾರ್ಜ್ ಟಕೇಯಿ ಐದು ವರ್ಷದ ಹುಡುಗನಾಗಿ ಆ ಲಾಯದಲ್ಲಿ ಮಲಗಿದ್ದರು. ಓಟಕ್ಕೆ ಮುನ್ನ ಕುದುರೆಗಳನ್ನು ತೋರಿಸುವ ಪ್ಯಾಡಕ್‌ನ ಸೊಗಸು, ಹೆಸರಾಂತ ಕುದುರೆ ಸೀಬಿಸ್ಕಟ್‌ನ ಕಂಚಿನ ಪ್ರತಿಮೆ, ಹೂವಿನ ಮಡಿಗಳ ನಡುವೆ ನಡೆಯುವಾಗ ಇದು ಮನಸ್ಸಿನಿಂದ ಹೋಗಲಿಲ್ಲ. ಆ ಶನಿವಾರ ಜಪಾನಿನಿಂದ ಬಂದಿದ್ದ ಡರ್ಮಾ ಸೊಟೊಗಾಕೆ ಕ್ಲಾಸಿಕ್‌ನಲ್ಲಿ ಎರಡನೆಯದಾಗಿ ಬಂತು. ಜಪಾನಿನಿಂದ ಬಂದ ಅಭಿಮಾನಿಗಳು ತೋಳಿಗೆ ತೋಳು ಸೇರಿಸಿ ನಿಂತು ಅದರ ಹೆಸರು ಕೂಗಿದರು.

ಎರಡು ವರ್ಷದ ನಂತರ ಅವರ ಕೂಗು ಗೆಲುವಿನ ಕೂಗಾಯಿತು, ಆದರೆ ಬೇರೆ ಅಂಗಳದಲ್ಲಿ.

ಡೆಲ್ ಮಾರ್‌ಗೆ ರೈಲಿನಲ್ಲಿ ಹೋಗಬೇಕು. ಲಾಸ್ ಏಂಜಲೀಸ್‌ನಿಂದ ದಕ್ಷಿಣಕ್ಕೆ ಹೊರಟ ಸರ್ಫ್‌ಲೈನರ್ ಅರ್ಧ ದಾರಿ ಕಳೆದ ಮೇಲೆ ಸಮುದ್ರದ ಅಂಚಿಗೇ ಬಂದುಬಿಡುತ್ತದೆ. ಸೊಲಾನಾ ಬೀಚ್‌ನಲ್ಲಿ ಇಳಿದರೆ ರೇಸ್‌ಕೋರ್ಸು ಹತ್ತಿರ. ಹಾಡುಗಾರ, ನಟ ಬಿಂಗ್ ಕ್ರಾಸ್ಬಿ ತನ್ನ ಗೆಳೆಯರೊಂದಿಗೆ 1937ರಲ್ಲಿ ತೆರೆದ ಜಾಗ ಇದು. ಮೊದಲ ದಿನ ಬಾಗಿಲಲ್ಲಿ ನಿಂತು ಜನರನ್ನು ಸ್ವಾಗತಿಸಿದ್ದೂ ಅವರೇ. ನೆಲ ರಾಜ್ಯ ಸರ್ಕಾರದ್ದು, ಬೇಸಗೆಯಲ್ಲಿ ಜಾತ್ರೆ ನಡೆಯುವ ಮೈದಾನ. ಬೆಳಗ್ಗೆ ಸಮುದ್ರದ ಮಂಜು ಟ್ರ್ಯಾಕಿನ ಮೇಲೆ ಕೂತಿರುತ್ತದೆ, ಹತ್ತು ಗಂಟೆಯ ಹೊತ್ತಿಗೆ ಕರಗುತ್ತದೆ. ಸೌಂದರ್ಯದ ಪಣವಾದರೆ ನಾನು ಕಣ್ಣುಮುಚ್ಚಿ ಡೆಲ್ ಮಾರ್‌ಗೆ ಕೊಡುತ್ತೇನೆ.

ಆದರೆ ಟ್ರ್ಯಾಕು ಚಿಕ್ಕದು. ಹುಲ್ಲಿನ ಸುತ್ತು ಏಳು ಫರ್ಲಾಂಗ್ ಮಾತ್ರ. ಬ್ರೀಡರ್ಸ್ ಕಪ್‌ನ ಆಸೆಯಿಂದಲೇ 2014ರಲ್ಲಿ ಅದನ್ನು ಅಗಲ ಮಾಡಿ ಹದಿನಾಲ್ಕು ಕುದುರೆಗಳಿಗೆ ಜಾಗ ಮಾಡಿದರು. ತಿರುವುಗಳು ಬಿಗಿ. ವಿಶಾಲವಾದ ಯೂರೋಪಿನ ಬಯಲುಗಳಲ್ಲಿ ಕಾಲು ಚಾಚಿ ಅಭ್ಯಾಸವಾದ ಕುದುರೆಗೆ ಹೊರಗಿನ ಗೇಟು ಬಂದರೆ ಅರ್ಧ ಓಟ ಅಲ್ಲೇ ಹೋಯಿತು. ಮಣ್ಣಿನ ಕೊನೆಯ ನೇರ 280 ಮೀಟರ್. ಇಲ್ಲಿ ಆರೊಗೇಟ್‌ನ ಕಥೆ ಹೇಳಲೇಬೇಕು. 2016ರಲ್ಲಿ ಸ್ಯಾಂಟಾ ಅನಿಟಾದಲ್ಲಿ ಕ್ಯಾಲಿಫೋರ್ನಿಯಾ ಕ್ರೋಮ್‌ನನ್ನು ಕೊನೆಯ ಹೆಜ್ಜೆಗಳಲ್ಲಿ ಹಿಡಿದು ಕ್ಲಾಸಿಕ್ ಗೆದ್ದ, ಮರು ಮಾರ್ಚಿನಲ್ಲಿ ದುಬೈನಲ್ಲಿ ಎಲ್ಲರಿಗಿಂತ ಹಿಂದಿನಿಂದ ಬಂದು ಗೆದ್ದ ಬೂದು ಕುದುರೆ ಅದು. ಆಗ ಜಗತ್ತಿನಲ್ಲಿ ಅದಕ್ಕೆ ಸಮ ಇರಲಿಲ್ಲ. 2017ರ ಬೇಸಗೆಯಲ್ಲಿ ಡೆಲ್ ಮಾರ್‌ಗೆ ಬಂದಾಗ ಕಾಲು ಕಿತ್ತಿಡಲಿಲ್ಲ. ಅಲ್ಲಿ ಓಡಿದ್ದರಲ್ಲಿ ಒಂದನ್ನೂ ಗೆಲ್ಲಲಿಲ್ಲ. ಆ ವರ್ಷದ ಬ್ರೀಡರ್ಸ್ ಕಪ್ ಕೂಡ ಡೆಲ್ ಮಾರ್‌ನಲ್ಲೇ ಇತ್ತು. ಕ್ಲಾಸಿಕ್ ಗನ್ ರನ್ನರ್‌ಗೆ ಹೋಯಿತು, ಆರೊಗೇಟ್ ಐದನೇ ಸ್ಥಾನ ಹಂಚಿಕೊಂಡಿತು. ಕೂಟ ಅಂದು ಬೇರೆಡೆ ನಡೆದಿದ್ದರೆ ಎಂದು ಅದರ ಅಭಿಮಾನಿಗಳು ಇಂದಿಗೂ ಹೇಳುವುದನ್ನು ಸೋತವರ ನೆಪ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಇನ್ನೊಂದು ಉದಾಹರಣೆ ಇದಕ್ಕೆ ತದ್ವಿರುದ್ಧ. ಸಿಯೆರಾ ಲಿಯೋನ್ ಹಿಂದಿನಿಂದ ಬರುವ ಕುದುರೆ. ಪುಸ್ತಕದ ಲೆಕ್ಕದಲ್ಲಿ ಡೆಲ್ ಮಾರ್ ಅದಕ್ಕೆ ಹೇಳಿಸಿದ್ದಲ್ಲ. ಆದರೆ 2024ರ ಕ್ಲಾಸಿಕ್‌ನಲ್ಲಿ ಮುಂದಿನವರು ಆರಂಭದಲ್ಲೇ ಅಳತೆ ಮೀರಿ ಓಡಿ ದಣಿದರು, ಅದು ಬಂದು ಗೆದ್ದಿತು. ಜಪಾನಿನ ಫಾರೆವರ್ ಯಂಗ್ ಮೂರನೆಯದು. 2025ರಲ್ಲಿ ಕೂಟ ಮತ್ತೆ ಡೆಲ್ ಮಾರ್‌ನಲ್ಲೇ. ಈ ಸಲ ಜಾಕಿ ರ್ಯೂಸೆ ಸಕಾಯಿ ಫಾರೆವರ್ ಯಂಗ್‌ನನ್ನು ಮುಂಚೂಣಿಯ ಹತ್ತಿರವೇ ಇಟ್ಟುಕೊಂಡು, ತಿರುವಿನಲ್ಲೇ ಮುನ್ನಡೆ ಹಿಡಿದು, ಸಿಯೆರಾ ಲಿಯೋನ್ ಅಟ್ಟಿಸಿಕೊಂಡು ಬರುವುದರೊಳಗೆ ಗುರಿ ದಾಟಿಸಿದರು. ಕ್ಲಾಸಿಕ್ ಗೆದ್ದ ಮೊದಲ ಜಪಾನಿ ಕುದುರೆ. ತರಬೇತಿದಾರ ಯೊಶಿತೊ ಯಹಾಗಿ ತಮ್ಮ ಹ್ಯಾಟಿನೊಳಗೇ ಅತ್ತುಬಿಡುತ್ತಾರೇನೋ ಎನಿಸಿತು ನನಗೆ. ನನ್ನ ಪಕ್ಕದಲ್ಲಿ ನಿಂತಿದ್ದ ಸ್ಯಾನ್ ಡಿಯೆಗೊದ ಕನ್ನಡಿಗ ಗೆಳೆಯ ಅಂದು ಮೊದಲ ಸಲ ರೇಸ್‌ಕೋರ್ಸಿಗೆ ಬಂದವನು, ಗಂಟಲು ಕಟ್ಟುವಷ್ಟು ಕೂಗಿದ್ದ.

ಅಲ್ಲಿಯ ಒಂದು ಸ್ಮಾರಕ ನನ್ನನ್ನು ಬಹಳ ಹೊತ್ತು ನಿಲ್ಲಿಸಿತು. ನೇಟಿವ್ ಡೈವರ್ ಎಂಬ ಕಪ್ಪು ಛಾಯೆಯ ಕುದುರೆ 1965, 66, 67ರಲ್ಲಿ ಸತತವಾಗಿ ಹಾಲಿವುಡ್ ಗೋಲ್ಡ್ ಕಪ್ ಗೆದ್ದಿತ್ತು. 1967ರಲ್ಲಿ ಡೆಲ್ ಮಾರ್‌ನಲ್ಲಿ ತನ್ನ ಕೊನೆಯ ಓಟ ಗೆದ್ದ ಕೆಲವೇ ದಿನಕ್ಕೆ ಹೊಟ್ಟೆಶೂಲೆಯಿಂದ ಸತ್ತಿತು. ಹಾಲಿವುಡ್ ಪಾರ್ಕಿನಲ್ಲಿ ಮಣ್ಣು ಮಾಡಿದ್ದರು. ರೇಸ್‌ಕೋರ್ಸು ಮುಚ್ಚಿದ ಮೇಲೆ, 2014ರಲ್ಲಿ, ಅದರ ಎಲುಬುಗಳನ್ನು ಎಚ್ಚರಿಕೆಯಿಂದ ಅಗೆದು ತೆಗೆದು ಇಲ್ಲಿಗೆ ತಂದು ಮತ್ತೆ ಹೂಳಿದರು. ಸತ್ತ ಕುದುರೆಗೂ ಒಕ್ಕಲೆಬ್ಬಿಸುವಿಕೆ ತಪ್ಪಲಿಲ್ಲ.

ಅಲ್ಲಿಂದ ನನ್ನ ಯೋಚನೆಯ ದಿಕ್ಕು ಬದಲಾಯಿತು. ಬ್ರೀಡರ್ಸ್ ಕಪ್‌ಗೆ ಆತಿಥ್ಯ ನೀಡಿದ ಅಂಗಳಗಳಲ್ಲಿ ಹಾಲಿವುಡ್ ಪಾರ್ಕ್ ಹೋಯಿತು. 2002ರಲ್ಲಿ ಕೂಟ ನಡೆದ ಷಿಕಾಗೊ ಬಳಿಯ ಆರ್ಲಿಂಗ್ಟನ್ 2021ರಲ್ಲಿ ಕೊನೆಯ ಓಟ ಕಂಡಿತು, ಜಾಗ ಫುಟ್‌ಬಾಲ್ ತಂಡದ ಪಾಲಾಯಿತು, ನೋಡುಗರ ಕಟ್ಟಡವನ್ನು ಕೆಡವಿದರು. ಕೂಟ ಕಾಣದ ಅಂಗಳಗಳ ಪಾಡೂ ಇದೇ: ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯ ದಂಡೆಯ ಗೋಲ್ಡನ್ ಗೇಟ್ ಫೀಲ್ಡ್ಸ್ 2024ರಲ್ಲಿ ಮುಚ್ಚಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಮ್ಮ ಚೆನ್ನೈನ ಗಿಂಡಿ ರೇಸ್‌ಕೋರ್ಸಿನ ಜಾಗವನ್ನು ತಮಿಳುನಾಡು ಸರ್ಕಾರ ವಶಕ್ಕೆ ತೆಗೆದುಕೊಂಡಿತು. ಬೆಂಗಳೂರಿನ ರೇಸ್‌ಕೋರ್ಸನ್ನು ಊರ ಹೊರಗೆ ಕಳಿಸುವ ಮಾತು ಎಷ್ಟು ವರ್ಷದಿಂದ ನಡೆಯುತ್ತಿದೆಯೆಂದು ಓದುಗರಿಗೆ ಗೊತ್ತೇ ಇದೆ. ನಗರದ ನಡುವಿನ ಆ ಬಯಲು ಉದ್ಯಾನವಾಗಬೇಕೆನ್ನುವವರ ಮಾತಿನಲ್ಲಿ ನ್ಯಾಯವಿಲ್ಲ ಎನ್ನಲಾರೆ. ಆದರೆ ಋತುವಿನ ಶ್ರೇಷ್ಠ ಕೂಟಕ್ಕೆ ಜಾಗ ಹುಡುಕುವವರು ಒಂದು ಪ್ರಶ್ನೆಯನ್ನು ಮೊದಲು ಕೇಳಬೇಕು: ಈ ಊರಿಗೆ ಕುದುರೆ ಬೇಕೇ, ಅಥವಾ ಕುದುರೆ ಹೋದ ಮೇಲೆ ಉಳಿಯುವ ಜಾಗ ಬೇಕೇ?

ಆ ಪ್ರಶ್ನೆಗೆ ಎದೆ ತಟ್ಟಿ ಉತ್ತರ ಹೇಳುವ ಊರೆಂದರೆ ಕೆಂಟಕಿಯ ಲೆಕ್ಸಿಂಗ್ಟನ್. ನಾನು ಅಲ್ಲಿಗೆ ಹೋದದ್ದು ಕ್ಯಾಲಿಫೋರ್ನಿಯಾ ನೋಡುವುದಕ್ಕೂ ಮುಂಚೆ, 2022ರ ಕೂಟಕ್ಕೆ. ವಿಮಾನ ಇಳಿಯುವಾಗಲೇ ಕೆಳಗೆ ಹಸಿರು ಗುಡ್ಡಗಳು, ಮೈಲಿಗಟ್ಟಲೆ ಹಲಗೆ ಬೇಲಿಗಳು, ಬೇಲಿಯೊಳಗೆ ತಾಯಿ ಕುದುರೆಗಳು ಕಂಡವು. ವಿಮಾನ ನಿಲ್ದಾಣದ ಬಾಗಿಲು ದಾಟಿ ರಸ್ತೆಗೆ ಬಂದರೆ ಎದುರಿಗೇ ಕೀನ್‌ಲ್ಯಾಂಡ್, ಪಕ್ಕದಲ್ಲಿ ಬಿಳಿ ಬೇಲಿಯ ಕ್ಯಾಲ್ಯುಮೆಟ್ ಫಾರ್ಮ್. ನೆಲದಡಿ ಸುಣ್ಣಕಲ್ಲು. ಅದರ ಮೇಲೆ ಹರಿದ ನೀರಿನಲ್ಲಿ, ಬೆಳೆದ ಹುಲ್ಲಿನಲ್ಲಿ ಸುಣ್ಣ, ರಂಜಕ ಸೇರಿ ಮರಿಗಳ ಎಲುಬು ಗಟ್ಟಿಯಾಗುತ್ತದೆಂದು ಅಲ್ಲಿಯವರು ಇನ್ನೂರು ವರ್ಷದಿಂದ ನಂಬಿಕೊಂಡು ಬಂದಿದ್ದಾರೆ. ಟಿಪ್ಪುವಿನ ಕಾಲಕ್ಕೆ ಸೈನ್ಯದ ಕುದುರೆಗಳಿಗಾಗಿ ಶುರುವಾಯಿತೆನ್ನುವ ನಮ್ಮ ಕುಣಿಗಲ್ ಸ್ಟಡ್ ಫಾರ್ಮ್ ನನಗೆ ನೆನಪಾಯಿತು. ಆ ದಾರಿಯಲ್ಲಿ ಹಾಸನದ ಬಸ್ಸಿನಲ್ಲಿ ಹೋದವರು ಕಿಟಕಿಯಿಂದ ಮರಿ ಕುದುರೆಗಳನ್ನು ನೋಡಿರುತ್ತಾರೆ. ಲೆಕ್ಸಿಂಗ್ಟನ್‌ನಲ್ಲಿ ಅಂಥ ಫಾರ್ಮುಗಳ ಹಿಂದೆ ಫಾರ್ಮು.

ಕೀನ್‌ಲ್ಯಾಂಡ್ 1936ರಲ್ಲಿ ತೆರೆಯಿತು. ಲಾಭ ಹಂಚಿಕೊಳ್ಳದ ಸಂಸ್ಥೆ ಅದು. ಸುಣ್ಣಕಲ್ಲಿನ ಗೋಡೆಗಳು, ಪ್ಯಾಡಕ್ ಬಳಿ ದೊಡ್ಡ ಸಿಕಮೋರ್ ಮರ. 1997ರ ತನಕ ಇಲ್ಲಿ ಓಟದ ವರ್ಣನೆಯನ್ನೇ ಧ್ವನಿವರ್ಧಕದಲ್ಲಿ ಹೇಳುತ್ತಿರಲಿಲ್ಲ. ಬಂದವರಿಗೆ ಕುದುರೆಯ ಬಣ್ಣ, ಜಾಕಿಯ ಅಂಗಿ ನೋಡಿ ತಿಳಿಯುತ್ತದೆ ಎಂಬ ಭರವಸೆ. ಟ್ರ್ಯಾಕ್ ಕಿಚನ್‌ನಲ್ಲಿ ಬೆಳಗಿನ ತಿಂಡಿಗೆ ಟ್ರೇನರು, ಲಾಳ ಕಟ್ಟುವವ, ಗ್ವಾಟೆಮಾಲಾದ ಸೈಸ್, ಫಾರ್ಮಿನ ಯಜಮಾನ ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲುತ್ತಾರೆ. ನಾನು ಕೂತ ಮೇಜಿನಲ್ಲಿ ಇದ್ದ ಮುದುಕ ನಲವತ್ತು ವರ್ಷ ಮರಿ ಹಾಕಿಸುವ ಕೆಲಸ ಮಾಡಿದವರು. “ನಾಳೆ ಓಡುವವುಗಳಲ್ಲಿ ಮೂರನ್ನು ನಾನೇ ಈ ಕೈಯಲ್ಲಿ ಹೊರಗೆಳೆದದ್ದು,” ಎಂದು ಎರಡೂ ಅಂಗೈ ತೋರಿಸಿದರು. ಬೇರೆ ಯಾವ ಅಂಗಳದಲ್ಲೂ ನನಗೆ ಇಂಥ ನೋಡುಗರು ಸಿಗಲಿಲ್ಲ.

ಈ ಊರಿನ ಹೆಮ್ಮೆಯೊಳಗೆ ಮುಚ್ಚಿಟ್ಟ ಅನ್ಯಾಯವೂ ಇದೆ. 1875ರ ಮೊದಲ ಕೆಂಟಕಿ ಡರ್ಬಿಯಲ್ಲಿ ಓಡಿದ 15 ಜಾಕಿಗಳಲ್ಲಿ 13 ಮಂದಿ ಕಪ್ಪು ಜನ. ಲೆಕ್ಸಿಂಗ್ಟನ್‌ನಲ್ಲಿ ಬೆಳೆದ ಐಸಾಕ್ ಮರ್ಫಿ 1884, 1890, 1891ರಲ್ಲಿ ಡರ್ಬಿ ಗೆದ್ದರು. ಮುಂದಿನ ಒಂದೆರಡು ದಶಕಗಳಲ್ಲಿ ಅವರ ಪೀಳಿಗೆಯನ್ನೇ ಬೆದರಿಸಿ, ಅವಕಾಶ ಕೊಡದೆ ಓಟದಿಂದ ಹೊರಹಾಕಿದರು. ಮರ್ಫಿಯ ಸಮಾಧಿ ಈಗ ಊರಾಚೆಯ ಕೆಂಟಕಿ ಹಾರ್ಸ್ ಪಾರ್ಕಿನಲ್ಲಿ, ಮಹಾನ್ ಕುದುರೆ ಮ್ಯಾನ್ ಓ ವಾರ್‌ನ ಸಮೀಪದಲ್ಲಿದೆ. ಕೀನ್‌ಲ್ಯಾಂಡಿನ ಪ್ಯಾಡಕ್ ನೋಡಿದವರು ಅಲ್ಲಿಗೂ ಹೋಗಬೇಕು.

ಕೂಟದ ಶನಿವಾರ ಬಿಸಿಲಿತ್ತು, ಟೋಪಿ ಹಾರಿಸುವ ಗಾಳಿಯೂ ಇತ್ತು. ಸುಮಾರು 45 ಸಾವಿರ ಜನ ಸೇರಿದ್ದರು. ತಾತ್ಕಾಲಿಕ ಕಟ್ಟಣೆಗಳನ್ನು ಹಾಕದೆ ಕೀನ್‌ಲ್ಯಾಂಡಿಗೆ ಇಷ್ಟು ಮಂದಿ ಹಿಡಿಸುವುದಿಲ್ಲ. 1998ರಲ್ಲಿ ಚರ್ಚಿಲ್ ಡೌನ್ಸ್‌ನಲ್ಲಿ 80 ಸಾವಿರ ಜನ ನೋಡಿದ್ದರೆಂದು ಲೂಯಿವಿಲ್‌ನವರು ಮೂದಲಿಸುವುದು ಇದಕ್ಕೇ. ಕ್ಲಾಸಿಕ್‌ನಲ್ಲಿ ಫ್ಲೈಟ್‌ಲೈನ್ ಓಡಿತು. ಅದಕ್ಕೆ ಹಿಂದೆ ಐದೇ ಓಟ, ಐದೂ ಗೆಲುವು. ಆ ಸೆಪ್ಟೆಂಬರಿನಲ್ಲಿ ಡೆಲ್ ಮಾರ್‌ನ ಪೆಸಿಫಿಕ್ ಕ್ಲಾಸಿಕನ್ನು ಹತ್ತೊಂಬತ್ತು ಕುದುರೆಯುದ್ದಕ್ಕೂ ಮಿಗಿಲಾದ ಅಂತರದಲ್ಲಿ ಗೆದ್ದು ಬಂದಿತ್ತು. ಲೈಫ್ ಈಸ್ ಗುಡ್ ಎಂಬ ಕುದುರೆ ಅದಕ್ಕೆ ಉಸಿರಾಡಲು ಬಿಡದಂತೆ ಮುಂದೆ ಓಡಿತು. ದೂರದ ತಿರುವಿನಲ್ಲಿ ಫ್ಲೈಟ್‌ಲೈನ್ ಪಕ್ಕಕ್ಕೆ ಬಂದು, ಜಾಕಿ ಕೈ ಅಲುಗಿಸಿದನೋ ಇಲ್ಲವೋ ಎನ್ನುವಷ್ಟರಲ್ಲಿ ಮುಂದೆ ಹೋಯಿತು. 358 ಮೀಟರಿನ ಆ ಕೊನೆಯ ನೇರದಲ್ಲಿ ಅದು ಒಂಟಿಯಾಗಿ ಓಡಿತು. ಅಂತರ ಎಂಟೂಕಾಲು ಕುದುರೆಯುದ್ದ. ಅದೇ ಓಟದಲ್ಲಿ ಎಪಿಸೆಂಟರ್‌ನ ಮುಂಗಾಲಿಗೆ ಪೆಟ್ಟಾಗಿ ಆಂಬ್ಯುಲೆನ್ಸಿನಲ್ಲಿ ಒಯ್ದರು. ಸುಣ್ಣಕಲ್ಲಿನ ನಾಡು ಯಾವ ಕುದುರೆಗೂ ರಕ್ಷಾಕವಚವಲ್ಲ. ಆದರೆ ಆಸ್ಪತ್ರೆ ಹತ್ತಿರದಲ್ಲೇ ಇತ್ತು, ಮೂಳೆಗೆ ಸ್ಕ್ರೂ ಹಾಕಿ ಜೀವ ಉಳಿಸಿದರು, ಇಂದು ಅದು ಮರಿಗಳ ತಂದೆ. ದೇಶದ ಹೆಸರಾಂತ ಕುದುರೆ ಆಸ್ಪತ್ರೆಗಳಿರುವುದು ಈ ಊರಿನ ಸುತ್ತಲೇ ಎಂಬುದನ್ನು ಆತಿಥ್ಯದ ಲೆಕ್ಕಕ್ಕೆ ಸೇರಿಸಲೇಬೇಕೆಂದು ನಾನು ಹಟ ಮಾಡುತ್ತೇನೆ.

ಚರ್ಚಿಲ್ ಡೌನ್ಸ್‌ಗೆ ಮರುದಿನ ಹೋಗಿ ಬಂದೆ. 1895ರ ಜೋಡಿ ಗೋಪುರಗಳು ಭವ್ಯ. ಸುತ್ತಲಿನ ಕಟ್ಟಣೆಗಳು ಅವನ್ನು ಕುಬ್ಜ ಮಾಡಿವೆ. 2010ರ ಮುಸ್ಸಂಜೆಯಲ್ಲಿ ಇಲ್ಲಿಯ ಉದ್ದ ನೇರದಲ್ಲೇ ಝೆನ್ಯಾಟಾ ಬಹು ಹಿಂದಿನಿಂದ ಬಂದು ಬ್ಲೇಮ್‌ಗೆ ಒಂದು ತಲೆಯ ಅಂತರದಲ್ಲಿ ಸೋತದ್ದು, ಅದರ ಬದುಕಿನ ಒಂದೇ ಸೋಲು. 2018ರಲ್ಲಿ ಎನೇಬಲ್ ಪ್ಯಾರಿಸ್ಸಿನ ಆರ್ಕ್ ಗೆದ್ದ ವರ್ಷವೇ ಟರ್ಫ್ ಓಟವನ್ನೂ ಗೆದ್ದ ಮೊದಲ ಕುದುರೆಯಾದದ್ದೂ ಇಲ್ಲಿ. ಮೇ ತಿಂಗಳ ಡರ್ಬಿ ಈ ಅಂಗಳವನ್ನು ಪೂರ್ತಿ ಆವರಿಸಿಬಿಟ್ಟಿದೆ, ನವೆಂಬರಿನ ಕೂಟ ಅದರ ನೆರಳಿನಲ್ಲಿ ನಿಲ್ಲಬೇಕಾಗುತ್ತದೆ.

ನನ್ನ ಮತ ಕೀನ್‌ಲ್ಯಾಂಡಿಗೆ. ಪ್ರತಿ ವರ್ಷ ಅಲ್ಲ. ಆರೊಗೇಟ್, ಕರ್ಲಿನ್‌ಗಳ ಕಥೆ ಕೇಳಿದ ಮೇಲೆ ಒಂದೇ ನೆಲಕ್ಕೆ ಕಟ್ಟಿಹಾಕುವುದು ಅನ್ಯಾಯ, ಪಶ್ಚಿಮದ ಕುದುರೆಗಳೂ ಒಮ್ಮೊಮ್ಮೆ ಮನೆಯಂಗಳದಲ್ಲಿ ಓಡಲಿ. ನ್ಯೂಯಾರ್ಕಿನಲ್ಲಿ ಹೊಸದಾಗಿ ಕಟ್ಟುತ್ತಿರುವ ಬೆಲ್ಮಾಂಟ್ ಕೂಡ ಸರದಿಗೆ ಬರಲಿ. ಆದರೆ ಸುತ್ತಿ ಸುತ್ತಿ ಮತ್ತೆ ಬಂದು ನಿಲ್ಲುವ ಮನೆಯೆಂದು ಒಂದನ್ನು ಹೇಳಬೇಕಾದರೆ, ಅದು ಕುದುರೆಯ ಹುಟ್ಟು, ಆರೈಕೆ, ಮುಪ್ಪು ಮೂರನ್ನೂ ಕಂಡ ಊರಾಗಿರಬೇಕು.

2022ರ ಕೂಟ ಮುಗಿದ ಆ ಸೋಮವಾರ ಕೀನ್‌ಲ್ಯಾಂಡಿನ ಹರಾಜು ಮಂಟಪಕ್ಕೆ ಹೋಗಿದ್ದೆ. ಎರಡು ದಿನದ ಹಿಂದೆ ಗೆದ್ದ ಫ್ಲೈಟ್‌ಲೈನ್‌ನ ಒಡೆತನದಲ್ಲಿ ಶೇಕಡಾ 2.5ರ ಪಾಲು 46 ಲಕ್ಷ ಡಾಲರಿಗೆ ಮಾರಾಟವಾಯಿತು. ಕುದುರೆ ಅಷ್ಟರಲ್ಲಿ ನಿವೃತ್ತವಾಗಿ, ಪಕ್ಕದ ವರ್ಸೇಲ್ಸ್ ಎಂಬ ಪುಟ್ಟ ಊರಿನ ಲೇನ್ಸ್ ಎಂಡ್ ಫಾರ್ಮಿಗೆ ಹೋಗುವುದು ಗೊತ್ತಾಗಿತ್ತು. ಆರೇ ಓಟಕ್ಕೆ ಮುಗಿದ ವೃತ್ತಿ. ಇನ್ನೊಂದು ವರ್ಷ ಓಡಿಸಬಾರದಿತ್ತೇ ಎಂದು ಮಂಟಪದಲ್ಲಿ ಎಲ್ಲರೂ ಗೊಣಗುತ್ತಿದ್ದರು, ನಾನೂ. ಮರಿ ಹಾಕಿಸುತ್ತಿದ್ದ ಆ ಮುದುಕ ಮಾತ್ರ ಬೇರೆ ಲೆಕ್ಕದಲ್ಲಿದ್ದರು: ಅದರ ಮರಿಗಳು ಮೂರು ವರ್ಷಕ್ಕೆ ಬಂದು ಕ್ಲಾಸಿಕ್ ಓಡುವುದು ಯಾವ ವರ್ಷ, ಆಗ ಕೂಟ ಎಲ್ಲಿರುತ್ತದೆ?

2026ರಲ್ಲಿ ಬ್ರೀಡರ್ಸ್ ಕಪ್ ಕೀನ್‌ಲ್ಯಾಂಡಿಗೆ ಮರಳುತ್ತಿದೆ. ಸುದ್ದಿ ತಿಳಿದ ದಿನ ಲೂಯಿವಿಲ್‌ನ ಆ ಎತ್ತರದ ಮನುಷ್ಯನಿಗೆ ಗೆದ್ದ ಸಂತೋಷದಲ್ಲಿ ಬರೆದೆ. ಅವರ ಉತ್ತರ ಅರ್ಧ ಗಂಟೆಯಲ್ಲಿ ಬಂತು: “ಕೆಂಟಕಿಯ ಶರತ್ಕಾಲ ನಿನಗಿನ್ನೂ ಗೊತ್ತಿಲ್ಲ. ಶುಕ್ರವಾರ ಮಳೆ ಬರಲಿ, ಆಮೇಲೆ ನಿನ್ನ ಸುಣ್ಣಕಲ್ಲಿನ ಮಾತಾಡೋಣ. ಉಳಿಯಲು ನಮ್ಮ ಮನೆಗೇ ಬಾ.”